ಬಂಡೆಯನ್ನು ಒಳಗಿಟ್ಟುಕೊಂಡ ಮನೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಂಡೆ ಒಡೆಯುವುದು ಕಸುಬು; ಶಾಲೆ ನಾಲ್ಕನೇ ತರಗತಿಗೇ ಸಾಕಾಯಿತು. ತಂಗಿ ಹಾಗಲ್ಲ. ಮನೆಗಳ ನಕ್ಷೆ ಮಾಡುತ್ತಾಳೆ, ದನಿ ಎತ್ತಿ ಮಾತಾಡಿದವಳಲ್ಲ. ಕೈಯಲ್ಲಿ ಸದಾ ಸೀಮೆಸುಣ್ಣ ಇರುವುದರಿಂದ ಕೆಲಸದವರಿಗೆ ಅವಳು ಗೆರೆಯಮ್ಮ. ನಾನು ಒಡೆದು ಹೊಟ್ಟೆ ಹೊರೆಯುವ ಕಲ್ಲನ್ನೇ ಅವಳು ಉಳಿಸಲು ಒದ್ದಾಡುತ್ತಾಳೆ.

ಒಬ್ಬ ಯಜಮಾನರು ಮನೆಗೆಂದು ಕೊಂಡ ಗುಡ್ಡದ ಜಾಗದಲ್ಲಿ ದೊಡ್ಡ ಬಂಡೆಯಿತ್ತು. ಅದನ್ನು ನೋಡಿದ ಬೇರೆ ನಕ್ಷೆಯವರೆಲ್ಲ ಮೊದಲು ಸಿಡಿಮದ್ದಿಟ್ಟು ಮಟ್ಟ ಮಾಡಿ ಎಂದಿದ್ದರಂತೆ. ಇವಳು ಸುಮ್ಮನೆ ಬಂಡೆಯ ಸುತ್ತ ಓಡಾಡಿದಳು. ಅಷ್ಟರಲ್ಲಿ ಯಜಮಾನರ ಹೆಂಡತಿ, ನಾವೆಲ್ಲ ಟೀಚರಮ್ಮ ಎನ್ನುವವರು, ಬಂಡೆ ಹತ್ತಿ ಕಾಲು ಇಳಿಬಿಟ್ಟು ಕೂತಾಗಿತ್ತು.

"ಇದು ಮನೆ ಒಳಗೇ ಇರ್ಲಿ ಕಣಮ್ಮ. ನಂಗೆ ಬೇರೆ ಕುರ್ಚಿ ಬೇಡ."

ಮನೆ ಬಂಡೆಯನ್ನು ತಬ್ಬಿಕೊಂಡೇ ಎದ್ದಿತು. ಗುಡ್ಡ ಇಳಿದಂತೆ ಕೋಣೆಗಳೂ ಮೆಟ್ಟಿಲು ಮೆಟ್ಟಿಲಾಗಿ ಇಳಿದವು. ಹಾಲ್‌ನಲ್ಲಿ ಆನೆ ಮಲಗಿದಂತೆ ಬಂಡೆ; ಅದರ ಬೆನ್ನಿನ ಏರಿಳಿತಕ್ಕೆ ಸರಿಯಾಗಿ ಗೋಡೆಯ ಗಾಜು ಕತ್ತರಿಸಿ ಕೂರಿಸಿದರು.

"ಇದೇನೇ, ಬಾಡಿಗೆ ಕೊಡುತ್ತಾ?" ಎಂದು ಕೆಣಕಿದ್ದೆ.

"ನಿನ್ನ ಕೈಗೆ ಸಿಗದೇ ಇರೋದು ಒಂದಾದ್ರೂ ಇರ್ಲಿ ಬಿಡಣ್ಣ."

ಬಣ್ಣ ಬಳಿಯುವುದೊಂದು ಬಾಕಿ ಇರುವಾಗ ಟೀಚರಮ್ಮನಿಗೆ ಲಕ್ವ ಹೊಡೆಯಿತು. ಮೆಟ್ಟಿಲಿಗಾದರೆ ಇಳಿಜಾರು ಹಾಕಬಹುದು. ಆದರೆ ಮಲಗುವ ಕೋಣೆಯ ದಾರಿಗೆ ಬಂಡೆಯ ಭುಜ ಅಡ್ಡ, ಗಾಲಿಕುರ್ಚಿ ಹೋಗುವುದಿಲ್ಲ.

ತಂಗಿಯೇ ಫೋನ್ ಮಾಡಿದಳು. "ಬೇರೆಯವ್ರು ಒಡೆದ್ರೆ ಗಾಜು, ಗೋಡೆ ಯಾವ್ದೂ ಉಳಿಯಲ್ಲ. ನೀನೇ ಬಾ."

ತಂಗಿ ಉಳಿಸಿದ ಬಂಡೆಯನ್ನು ಈಗ ಒಡೆಸಲು ಹೊರಟ ಯಜಮಾನನಿಗೆ ಚೆನ್ನಾಗಿ ಬೈದೇ ಬರುತ್ತೇನೆಂದು ಹೊರಟೆ. ಹೋದರೆ ಆತ ಹೆಂಡತಿಯ ಬಾಯಿಂದ ಸೋರುವ ಜೊಲ್ಲು ಒರೆಸುತ್ತ ಕೂತಿದ್ದರು. ಬೈಯುವುದು ಬಿಟ್ಟು ಚೀಲದಿಂದ ಸಾಮಾನು ತೆಗೆದೆ.

ತಂಗಿ ಬಂಡೆಯ ಮೇಲೆ ಗೆರೆ ಎಳೆದಳು. "ಇಲ್ಲಿವರೆಗೆ ತೆಗಿ, ಸಾಕು. ಅವ್ರು ಕೂತಿದ್ದ ಜಾಗ ಹಾಗೇ ಇರ್ಲಿ."

"ಬಂಡೆ ನಿನ್ನ ಗೆರೆ ಓದುತ್ತಾ?"

ಟೀಚರಮ್ಮ ಏನೋ ತೊದಲಿದರು. ಯಜಮಾನರು ಬಿಡಿಸಿ ಹೇಳಿದರು: "ಅದೂ ನಿಮ್ಮ ಹಾಗೇ ಶಾಲೆ ತಪ್ಪಿಸ್ಕೊಂಡಿದ್ದು ಅಂತಾಳೆ."

ಎಲ್ಲರೂ ನಕ್ಕೆವು.

ಮನೆಯೊಳಗೆ ಸಿಡಿಮದ್ದು ಆಗದು. ಗೆರೆಯುದ್ದಕ್ಕೂ ಕುಳಿ ಕೊರೆದು, ನೀರಲ್ಲಿ ಕಲಸಿದ ಪುಡಿ ತುಂಬಿದೆ. ಅದು ಒಳಗೊಳಗೇ ಉಬ್ಬಿ ಕಲ್ಲನ್ನು ಸದ್ದಿಲ್ಲದೆ ಸೀಳುತ್ತದೆ. ಒಮ್ಮೆ ತುಂಬಿದ ಮೇಲೆ ಕಾಯುವುದಷ್ಟೇ. ನನ್ನಂಥವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ಮರುದಿನ ಬೆಳಿಗ್ಗೆ ಬಿರುಕು ಗೆರೆ ಹಿಡಿದೇ ಬಂದಿತ್ತು. ತಂಗಿ ನನ್ನ ಬೆನ್ನು ತಟ್ಟಿದಳು. ಆಮೇಲೆ, ಅದರಿಂದ ಕೂದಲೆಳೆಯಷ್ಟು ಇನ್ನೊಂದು ಬಿರುಕು ಟೀಚರಮ್ಮ ಕೂತಿದ್ದ ಕಡೆಗೆ ಹೊರಟಿದ್ದು ಕಂಡಿತು. ಕಲ್ಲಿನ ಹೊಟ್ಟೆಯಲ್ಲಿ ಹಳೆಯ ಸೀಳು ಇತ್ತೇನೋ, ಹೊರಗಿನವರಿಗೆ ಹೇಗೆ ಗೊತ್ತಾಗಬೇಕು.

"ನಿಲ್ಸೋಕಾಗಲ್ವಾ ಅಣ್ಣ?"

"ಇಲ್ಲ."

"ಪುಡಿ ಕೆರೆದು ತೆಗೆದ್ರೆ?"

"ಕಲ್ಲಿನಷ್ಟೇ ಗಟ್ಟಿಯಾಗಿದೆ ಅದು."

ಇಬ್ಬರೂ ನೆಲದ ಮೇಲೆ ಕೂತು ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ಬೆರಳು ತೂರುವಷ್ಟು ಬಾಯಿ ಬಿಟ್ಟಿತು. ಒಂದು ಹೋಳು ಗಾಜಿನ ಕಡೆ ವಾಲಿತು. ಇನ್ನು ಪೂರ್ತಿ ತೆಗೆಯದೆ ವಿಧಿಯಿಲ್ಲ.

"ಯಾರಿಗಾದ್ರೂ ಬೈಯಣ್ಣ," ಎಂದಳು.

ಬಾಯಿ ತೆರೆದೆ. ಯಾರೂ ಸಿಗಲಿಲ್ಲ.

ಬಾಗಿಲ ಕಡೆ ಗಾಲಿಕುರ್ಚಿಯ ಸದ್ದಾಯಿತು. ತಂಗಿ ತಟ್ಟನೆ ಎದ್ದು, ಬಂಡೆ ಕಾಣದ ಹಾಗೆ ಅಡ್ಡ ನಿಂತಳು. ಆನೆಯಂಥ ಬಂಡೆ, ಇವಳೋ ಕಡ್ಡಿ.