ಚಾಲೂ ಇದ್ದ ಟಿ.ವಿ.ಯ ಪೂಜೆ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತೊಂಬತ್ತು ನಿಮಿಷಕ್ಕೆ ನಮ್ಮ ಶಾಲೆಯಲ್ಲಿ ಕೆಲಸ ಕೆಡತೊಡಗಿತು. ಇಷ್ಟು ಖಚಿತವಾಗಿ ಸಮಯ ಹೇಳುವುದು ನನ್ನ ಸ್ವಭಾವವಲ್ಲ. ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನಮ್ಮಲ್ಲಿ ಮಧ್ಯಾಹ್ನದ ಗಂಟೆ ಬಾರಿಸುವುದು ಅಡಿಗೆ ಖೋಲಿಯಿಂದ ಅನ್ನ ಬೆಂದ ವಾಸನೆ ಬಂದ ಮೇಲೆ. ಆದರೆ ಹೊಸ ಟಿ.ವಿ.ಯ ಮೂಲೆಯಲ್ಲಿ ಒಂದು ಸಣ್ಣ ಗಡಿಯಾರವಿತ್ತು. ನಾನು ರಿಮೋಟಿನ ಕೆಂಪು ಗುಂಡಿ ಒತ್ತಿದಾಗ ಅದು ೧೧:೧೯ ತೋರಿಸಿತು. ನನ್ನ ವಿದ್ಯಾರ್ಥಿನಿ ಮಾಳವ್ವನ ಕೈ ಟಿ.ವಿ.ಯ ಕಬ್ಬಿಣದ ಸ್ಟ್ಯಾಂಡಿಗೆ ಹಿಡಿದದ್ದು ೧೧:೨೩ಕ್ಕೆ. ಊರಿನವರು ಕೆಟ್ಟ ಗಳಿಗೆ ಎಂದು ಇಪ್ಪತ್ಮೂರನ್ನು ಹೇಳುತ್ತಾರೆ. ನಾನು ಹತ್ತೊಂಬತ್ತನ್ನೇ ಹೇಳುತ್ತೇನೆ, ಯಾಕೆಂದರೆ ನಡುವಿನ ಆ ನಾಲ್ಕು ನಿಮಿಷ ನನ್ನ ಕೈಯಲ್ಲಿದ್ದವು.

ಊರಿನ ಹೆಸರು ಬೇಡ ಬಿಡಿ. ಮಹಾರಾಷ್ಟ್ರದ ಅಕ್ಕಲಕೋಟದಿಂದ ಕರಜಗಿ ಕಡೆಗೆ ಹೋಗುವ ಸರಕಾರಿ ಲಾಲ ಬಸ್ಸಿನಲ್ಲಿ ಕೂತು, ಒಂದು ಬೇವಿನ ಗಿಡದ ಬಳಿ ಇಳಿದು, ಹತ್ತು ನಿಮಿಷ ನಡೆದರೆ ಸಿಗುತ್ತದೆ. ಎರಡು ಖೋಲಿಯ ಕನ್ನಡ ಶಾಲೆ. ಒಂದರಲ್ಲಿ ಗುರುಜಿ, ಅಂದರೆ ನಮ್ಮ ಹೆಡ್‌ಮಾಸ್ತರರು, ಇನ್ನೊಂದರಲ್ಲಿ ನಾನು. ನಮ್ಮ ಮನೆತನ ಸೋಲಾಪುರದ್ದು. ಅಪ್ಪ ಕಚೇರಿಯೊಂದರಲ್ಲಿ ಕಾರಕೂನರಾಗಿದ್ದರು. ಮಗಳು ಬಿ.ಎಸ್ಸಿ. ಆದಳು ಎಂದು ಗಲ್ಲಿಗೆಲ್ಲ ಪೇಡೆ ಹಂಚಿದವರು. ಫಿಜಿಕ್ಸ್ ನನ್ನ ಮುಖ್ಯ ವಿಷಯ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ; ಮುಂದೆ ನನ್ನ ಮಾನ ಕಳೆಯುವುದು ಇದೇ ಆದ್ದರಿಂದ ಈಗಲೇ ಹೇಳಿಬಿಡುವುದು ಒಳ್ಳೆಯದು.

ಯಂತ್ರಗಳೊಂದಿಗೆ ನನ್ನ ಸಂಬಂಧ ಯಾವಾಗಲೂ ಬೀಗರ ಸಂಬಂಧದ ಹಾಗೆ: ಮರ್ಯಾದೆ ಬಹಳ, ಸಲಿಗೆ ಕಡಿಮೆ. ಮೊದಲು ಶಾಲೆಗೆ ಒಂದು ಲ್ಯಾಪ್‌ಟಾಪು ಬಂತು. ಗುರುಜಿ ಅದನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ವರ್ಷಕ್ಕೊಮ್ಮೆ ತೆಗೆದು, ಒರೆಸಿ, ಮತ್ತೆ ಸುತ್ತಿಡುತ್ತಿದ್ದರು. ಆಮೇಲೆ ಎಲ್ಲರಿಗೂ ಮೋಬೈಲಿನಲ್ಲಿ ಹಾಜರಿ ಬಂತು. ನೆಟ್‌ವರ್ಕಿಗಾಗಿ ನಾನು ದಿನಾ ಶಾಲೆಯ ಹಿಂದಿನ ಕಲ್ಲಿನ ರಾಶಿ ಹತ್ತುತ್ತಿದ್ದೆ. ಮಕ್ಕಳು ಕೆಳಗೆ ನಿಂತು "ಬಾಯೋರ, ಬಂತೇನ್ರಿ?" ಎಂದು ಕೇಳುತ್ತಿದ್ದರು, ಮಳೆ ಕೇಳಿದ ಹಾಗೆ. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಬಾಯೋರು ಎನ್ನುತ್ತಾರೆ.

ಟಿ.ವಿ. ಬರುವ ಮುಂಚೆ ಅಕ್ಕಲಕೋಟದಲ್ಲಿ ಎರಡು ದಿನದ ತರಬೇತಿ ಇತ್ತು. ಕಲಿಸಿದಾತ ನನಗಿಂತ ಹದಿನೈದು ವರ್ಷ ಚಿಕ್ಕವನು. ಎಲ್ಲವನ್ನೂ ಮರಾಠಿಯಲ್ಲಿ ಹೇಳಿದ. ಪ್ರತಿ ಗುಂಡಿಯ ಕೊನೆಗೂ "ಸೋಪಂ ಆಹೇ ಬಾಈ, ಘಾಬರೂ ನಕಾ" ಎನ್ನುವನು. ಸುಲಭ ಇದೆ, ಹೆದರಬೇಡಿ ಎಂದು. ಹೀಗೆ ಇಪ್ಪತ್ತು ಸಲ ಕೇಳಿದ ಮೇಲೆ ಯಾರಿಗಾದರೂ ಹೆದರಿಕೆ ಹುಟ್ಟದೆ ಇರುತ್ತದೆಯೇ? ಚಿತ್ರ ದೊಡ್ಡದು ಮಾಡುವುದು, ಮೋಬೈಲಿನಿಂದ ಪಾಠ ಕಳಿಸುವುದು, ಪಾಸ್‌ವರ್ಡು ಮರೆತರೆ ಏನು ಮಾಡುವುದು, ಎಲ್ಲ ಬರೆದುಕೊಂಡೆ. ಪ್ಲಗ್ಗನ್ನು ಎಲ್ಲಿ ಚುಚ್ಚಬೇಕು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದನ್ನೇನು ಕೇಳುವುದು!

ನಮ್ಮ ಖೋಲಿಯ ಕರೆಂಟಿನ ಬೋರ್ಡಿನಲ್ಲಿ ಎರಡೇ ತೂತು. ಟಿ.ವಿ.ಯ ಪ್ಲಗ್ಗಿಗೆ ಮೂರು ಕಡ್ಡಿ. ಗುರುಜಿ ಸಂತೆಯಿಂದ ಒಂದು ಎಕ್ಸ್‌ಟೆನ್ಶನ್ ಡಬ್ಬಿ ತಂದರು. ಅದರ ವಾಯರಿನ ತುದಿಗೆ ಎರಡೇ ಕಡ್ಡಿಯ ಪ್ಲಗ್ಗು. ಮೂರನೆಯ ಕಡ್ಡಿಯ ಕೆಲಸ ಅಪಾಯದ ಕರೆಂಟನ್ನು ನೆಲಕ್ಕೆ ಇಳಿಸಿ ಮನುಷ್ಯನನ್ನು ಉಳಿಸುವುದು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿದ್ದರೆ ಚಿತ್ರ ಬಿಡಿಸಿ ಉತ್ತರ ಬರೆಯುತ್ತಿದ್ದೆ. ಅವತ್ತು ಡಬ್ಬಿಯನ್ನು ಸ್ಟ್ಯಾಂಡಿನ ಕಾಲಿನ ಪಕ್ಕ ನೆಲದ ಮೇಲಿಟ್ಟು, ಚಿತ್ರ ಮೂಡಿದ್ದೇ ತಡ, ಚಪ್ಪಾಳೆ ತಟ್ಟಿದೆ.

ಮರುದಿನ ಪಾಲಕರು ಬಂದರು. ನಮ್ಮ ಮಕ್ಕಳಲ್ಲಿ ಅರ್ಧ ಕುರಿ ಕಾಯುವ ಮನೆಯವರು, ಬೀರೋಬಾ ದೇವರ ಒಕ್ಕಲು. ಅವರ ಮನೆಗೆ ಹೊಸತು ಏನು ಬಂದರೂ, ಎಮ್ಮೆಯಾಗಲಿ ಮೋಟರಸೈಕಲ್ಲಾಗಲಿ, ಅರಿಶಿನದ ಭಂಡಾರ ಹಾರಿಸಿ ಕಾಯಿ ಒಡೆಯದೆ ಮುಟ್ಟುವುದಿಲ್ಲ. ಮೂರನೇ ಇಯತ್ತೆಯ, ಅಂದರೆ ಮೂರನೇ ತರಗತಿಯ, ಮಾಳವ್ವನ ಅಜ್ಜ ಸಿದ್ದಣ್ಣ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಕೈಯಲ್ಲಿ ಕಾಯಿ ಹಿಡಿದು ಬಂದ. ನಾನು ಮೊದಲೇ ಮೇನ್ ಸ್ವಿಚ್ ಬಂದ್ ಮಾಡಿದ್ದೆ. ಇದೊಂದು ನನ್ನ ಪರವಾಗಿ ಬರೆದುಕೊಳ್ಳಿ.

ಸಿದ್ದಣ್ಣ ಕರಿ ಗಾಜನ್ನು ನೋಡಿ ಮುಖ ಗಂಟು ಹಾಕಿದ. "ಏನ್ರಿ ಬಾಯೋರ, ಸತ್ತದ್ದಕ್ಕ ಪೂಜಿ ಮಾಡಸ್ತೀರಿ? ಚಾಲೂ ಮಾಡ್ರಿ."

"ಅಜ್ಜಾ, ಆಮ್ಯಾಲ ಮಾಡ್ತೀನಿ."

"ನಮ್ಮ ಮೋಟರಸೈಕಲ್ ಪೂಜಿಗಿ ಕಿಕ್ ಹೊಡದ ನಿಲ್ಲಿಸಿದ್ವಿ. ಬುರ್‍ರ್ ಅಂತಿದ್ರ ದೇವರಿಗಿ ಕೇಳಸ್ತೈತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಓದಿದವಳು ಮೊಂಡು ಹಿಡಿದಿದ್ದಾಳೆ ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಮೇನ್ ಹಾಕಿ ಗುಂಡಿ ಒತ್ತಿದೆ. ತೆರೆಯ ಮೇಲೆ ದೊಡ್ಡದೊಂದು 'ಅ' ಮೂಡಿತು. ಸಿದ್ದಣ್ಣ ಅದಕ್ಕೆ ಕೈ ಮುಗಿದು, ಬೀರೋಬಾನಿಗೆ ಏರಿಸುವ ಹಾಗೆ ಭಂಡಾರ ಏರಿಸಿ, ಸ್ಟ್ಯಾಂಡಿನ ಕಾಲಿಗೇ ಕಾಯಿ ಒಡೆದ. ಎಳೆ ಕಾಯಿ, ನೀರು ಬಹಳ. ಬೆಳಿಗ್ಗೆ ಸಾರಿಸಿದ ನೆಲ ಇನ್ನೂ ಹಸಿಯಾಗಿತ್ತು. ಕಾಯಿನೀರು ಹರಿದು ಡಬ್ಬಿಯ ಕಡೆ ಹೋದದ್ದನ್ನು ನಾನು ನೋಡಿದೆ. ನೋಡಿ, ಪೂಜೆ ಮುಗಿದ ಮೇಲೆ ಒರೆಸೋಣ ಅಂದುಕೊಂಡೆ.

ಮಕ್ಕಳು ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರಲ್ಲ, ಹಾಗೆಯೇ ಟಿ.ವಿ. ಸ್ಟ್ಯಾಂಡಿನ ಕಾಲು ಮುಟ್ಟಿ ನಮಸ್ಕಾರ ಮಾಡಲು ಸಾಲು ಕಟ್ಟಿದರು. ಮಾಳವ್ವ ಮೊದಲಿಗಳು. ಅವಳು ಯಾವ ಸಾಲಿನಲ್ಲೂ ಎರಡನೆಯವಳಾಗಿ ನಿಂತದ್ದು ನಾನು ಕಂಡಿಲ್ಲ. ಬಗ್ಗಿ ಮುಟ್ಟಿದಳು. ಮತ್ತೆ ಏಳಲಿಲ್ಲ.

ಕೂಗಲೂ ಇಲ್ಲ. ಇದನ್ನು ನಾನು ಇಂದಿಗೂ ಯಾರಿಗೂ ಸರಿಯಾಗಿ ವಿವರಿಸಲಾರೆ. ಅಪಾಯಕ್ಕೆ ಸದ್ದು ಇರುತ್ತದೆ ಅಂದುಕೊಂಡಿದ್ದೆ. ಹಿಂದಿನ ಮಕ್ಕಳು, ಮಾಳಿ ಬಹಳ ಭಕ್ತಿಯಿಂದ ನಮಸ್ಕಾರ ಮಾಡುತ್ತಿದ್ದಾಳೆ ಎಂದು ಕಿಸಕ್ಕನೆ ನಗುತ್ತಿದ್ದರು. ಅವಳ ಜಡೆಯ ರಿಬ್ಬನ್ನು ಮಾತ್ರ ನಡುಗುತ್ತಿತ್ತು. ನನ್ನ ತಲೆಯೊಳಗೆ ಪುಸ್ತಕದ ಸಾಲು ಬಂತು: 'ಒಣ ಮರ, ರಬ್ಬರು, ಉಣ್ಣೆ, ಇವುಗಳ ಮೂಲಕ ವಿದ್ಯುತ್ ಹರಿಯುವುದಿಲ್ಲ.' ಪೂರ್ಣವಿರಾಮದ ಸಮೇತ ಬಂತು. ನನ್ನ ಕಾಲು ಮಾತ್ರ ಅಲುಗಲಿಲ್ಲ.

ಸಿದ್ದಣ್ಣ ಹೆಗಲ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಮಕ್ಕಳು ಕೂರುವ ಒಣ ಗೋಣಿತಟ್ಟಿನ ಮೇಲೆ ನಿಂತು, ಅವಳ ಸೊಂಟಕ್ಕೆ ಬಿಗಿದು ಹಿಂದಕ್ಕೆ ಜಗ್ಗಿದ. ಇಬ್ಬರೂ ಬಿದ್ದರು. ಗುರುಜಿ ಓಡಿ ಹೋಗಿ ಮೇನ್ ಎಳೆದರು. ಆಗ ಮಾಳವ್ವ ಅತ್ತಳು. ಮಕ್ಕಳ ಅಳುವನ್ನು ನಿಲ್ಲಿಸುವುದೇ ನನ್ನ ಕಸುಬು. ಅವತ್ತು ಅದು ನಿಲ್ಲದಿರಲಿ ಎಂದು ಬೇಡಿಕೊಂಡೆ.

ಅಕ್ಕಲಕೋಟದ ಡಾಕ್ಟರರು ಒಂದು ದಿನ ಇಟ್ಟುಕೊಂಡು, ಅಂಗೈ ಸುಟ್ಟದ್ದಕ್ಕೆ ಮುಲಾಮು ಕೊಟ್ಟು, ಹುಡುಗಿ ಗಟ್ಟಿ ಇದ್ದಾಳೆ ಎಂದು ಕಳಿಸಿದರು. ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಸಿದ್ದಣ್ಣನನ್ನು ಕೇಳಿದೆ, ಕಂಬಳಿ ಹಾಕಬೇಕೆಂದು ನಿನಗೆ ಹೇಗೆ ತಿಳಿಯಿತು ಎಂದು.

"ಹಿಂದಕ ಬೋರಿನ ತಗಡಿನ ಶೆಡ್ಡಿನ್ಯಾಗ ನಮ್ಮದೊಂದ ಕುರಿಗಿ ಕರೆಂಟ ಹಿಡದಿತ್ತರಿ. ಬಿಡಸಾಕ ನಮ್ಮಣ್ಣ ಕೈಲೆ ಹಿಡದಾ." ಹೆಗಲ ಕಂಬಳಿ ಸರಿಮಾಡಿಕೊಂಡ. ಆಮೇಲೆ, "ಅವತ್ತ ತಿಳೀತು," ಎಂದ.

ನಾನು ಕಾಲೇಜಿನಲ್ಲಿ ಓದಿದ್ದು ನೆನಪಾಯಿತು. ಹಿಂದಿನ ಕಾಲದ ಗ್ರೀಕರು ಅಂಬರ್ ಎಂಬ ಹಳದಿ ಅಂಟುಗಲ್ಲನ್ನು ಉಣ್ಣೆಗೆ ತಿಕ್ಕಿ, ಅದು ಹುಲ್ಲಿನ ಎಳೆಗಳನ್ನು ತನ್ನತ್ತ ಎಳೆದುಕೊಳ್ಳುವುದನ್ನು ನೋಡಿ ಬೆರಗಾಗಿದ್ದರಂತೆ. ಕರೆಂಟಿನ ಚರಿತ್ರೆ ಶುರುವಾಗುವುದೇ ಕುರಿಯ ಮೈಮೇಲಿಂದ. ಆ ಲೆಕ್ಕದಲ್ಲಿ ಸಿದ್ದಣ್ಣನದು ನನ್ನದಕ್ಕಿಂತ ಹಳೆಯ ವಿದ್ಯಾಪೀಠ. ಅವನು ಅಲ್ಲಿ ಕಟ್ಟಿದ ಫೀಯೂ ದೊಡ್ಡದು.

ಆಮೇಲಿನ ವಾರಗಳಲ್ಲಿ ನಾನು ದಣಿದೆ. ಕೆಲಸದಿಂದ ಬಂದ ದಣಿವಾಗಿದ್ದರೆ ಕೂತರೆ ಹೋಗುತ್ತಿತ್ತು. ಇದು ಕೂತಷ್ಟೂ ಹೆಚ್ಚುತ್ತಿತ್ತು. ರಾತ್ರಿ ಕಣ್ಣು ಮುಚ್ಚಿದರೆ ಕಾಯಿನೀರು ಹರಿಯುವುದು. ಪ್ರತಿ ಸಲವೂ ಒರೆಸಲು ಏಳುತ್ತಿದ್ದೆ, ಪ್ರತಿ ಸಲವೂ ತಡವಾಗುತ್ತಿತ್ತು. ವಾಯರಮನ್ ಬಂದು ಗೋಡೆಯ ಮೇಲೆ ಮೂರು ತೂತಿನ ಬೋರ್ಡು ಹಾಕಿದ, ನೆಲದಲ್ಲಿ ತಾಮ್ರದ ತಂತಿ ಹುಗಿದ, ಕಬ್ಬಿಣದ ಜಾಗಕ್ಕೆ ಮರದ ಹಲಗೆ ಬಂತು. ನಾನು ಟಿ.ವಿ.ಗೆ ಚಾದರ ಹೊದಿಸಿದೆ. ಮೇಲಿನಿಂದ ಪ್ರತಿ ಶುಕ್ರವಾರ ಸಂದೇಶ ಬರುವುದು: ಮಕ್ಕಳು ಟಿ.ವಿ. ನೋಡುತ್ತಿರುವ ಫೋಟೋ ತಾಬಡತೋಬ, ಅಂದರೆ ಕೂಡಲೇ, ಕಳಿಸಿ. ಗುರುಜಿ ಪಾಪ, ಟಿ.ವಿ. ಜೋಡಿಸಿದ ದಿನದ ಫೋಟೋವನ್ನೇ ಕಳಿಸಿ ಸುಮ್ಮನಾಗುತ್ತಿದ್ದರು.

ಇದೆಲ್ಲ ನಡೆದೀತು. ಆದರೆ ಮಾಳವ್ವ ಶಾಲೆಗೆ ಬರಲಿಲ್ಲ. ಒಂದು ವಾರ, ಎರಡು ವಾರ. ಕುರಿ ಕಾಯುವವರ ಮನೆಯಲ್ಲಿ ಹುಡುಗಿ ಶಾಲೆ ಬಿಟ್ಟಳು ಎಂದು ಯಾರೂ ಹೇಳುವುದಿಲ್ಲ. ಸುಮ್ಮನೆ ಒಂದು ದಿನ ಹಿಂಡಿನ ಹಿಂದೆ ಹೋಗುತ್ತಾಳೆ, ಹಾಗೆಯೇ ಉಳಿಯುತ್ತಾಳೆ. ಇನ್ನೊಂದು ತಿಂಗಳಿಗೆ ಹಿಂಡು ದೂರದ ಮೇವಿಗೆ ಹೊರಡುವುದಿತ್ತು. ಅಷ್ಟರೊಳಗೆ ಅವಳು ಬರದಿದ್ದರೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ತಡವಳದ ದಾರಿಯಲ್ಲಿ ಒಂದು ಖಾಲಿ ಹೊಲದಲ್ಲಿ ಅವರ ಹಟ್ಟಿ ಇತ್ತು. ಹೋದೆ. ಸಿದ್ದಣ್ಣ ಚಹಾ ಕೊಟ್ಟ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಕಳಸ್ರಿ ಅಜ್ಜಾ ಹುಡಿಗೀನ," ಎಂದೆ.

"ನಾ ಏನ ಬ್ಯಾಡ ಅಂದೀನೇನ್ರಿ? ಆಕಿನ ವಲ್ಲೆ ಅಂತಾಳ. ಕೇಳ್ರಿ."

ಮಾಳವ್ವ ಒಂದು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ಬೆನ್ನು ಮಾಡಿ ಕೂತಿದ್ದಳು. ಮರಿಗೆ ಹೇಳುವ ಹಾಗೆ ಹೇಳಿದಳು: "ಎಲ್ಲಾರೂ ಅಂತಾರ, ನಾ ಜಳಕಾ ಮಾಡಿದ್ದಿಲ್ಲ, ಅದಕ್ಕ ದೇವರು ನನ್ನಷ್ಟ ಹಿಡದಾನಂತ. ಖರೇನ ಮಾಡಿದ್ದಿಲ್ರಿ ಬಾಯೋರ. ನೀರ ಬಂದಿದ್ದಿಲ್ಲ."

ಎರಡು ವಾರ ನಾನು ನನ್ನ ತಪ್ಪನ್ನು ಎಷ್ಟು ಜೋಪಾನವಾಗಿ ಎದೆಗವುಚಿಕೊಂಡು ಕೂತಿದ್ದೆನೆಂದರೆ, ಅದರ ಒಂದು ಪಾಲನ್ನು ಎಂಟು ವರ್ಷದ ಹುಡುಗಿ ಹೊತ್ತುಕೊಂಡದ್ದು ಕಾಣಿಸಿರಲಿಲ್ಲ. "ನಾಳಿ ಒಂದ ದಿನಾ ಬಾ," ಎಂದೆ. "ಯಾರ ತಪ್ಪ ಅಂತ ಎಲ್ಲಾರ ಮುಂದ ತೋರಸ್ತೀನಿ. ಆಮ್ಯಾಲ ಬರೂದು ಬಿಡೂದು ನಿನ್ನ ಮರ್ಜಿ."

ಮರುದಿನ ಶುಕ್ರವಾರ. ಮಾಳವ್ವ ಬಂದು ಬಾಗಿಲ ಬಳಿಯೇ ಕೂತಳು. ಟಾರ್ಚಿನ ಸೆಲ್ಲುಗಳು, ಸಣ್ಣ ಬಲ್ಬು, ತಂತಿ ಇಟ್ಟುಕೊಂಡು ಕೂತೆ. ತರಬೇತಿಯಲ್ಲಿ ಹೇಳಿದ ಯಾವುದೂ ಅಲ್ಲ. ಇಪ್ಪತ್ತು ವರ್ಷದ ಹಿಂದೆ ಕಾಲೇಜಿನಲ್ಲಿ ಇದು ಚಿಕ್ಕ ಮಕ್ಕಳದು ಎಂದು ನಾನೇ ನಕ್ಕು ಬಿಟ್ಟ ಪ್ರಯೋಗ. ತಂತಿಯ ನಡುವೆ ಚಮಚ ಇಟ್ಟರೆ ಬಲ್ಬು ಹತ್ತಿತು. ಕಂಬಳಿಯ ಎಳೆ ಇಟ್ಟರೆ ಹತ್ತಲಿಲ್ಲ. ಜಳಕ ಮಾಡಿದ ಹುಡುಗ ಚಮಚ ಇಟ್ಟ, ಹತ್ತಿತು. ಮಾಡದವನು ಇಟ್ಟ, ಹತ್ತಿತು. ಮಕ್ಕಳು ಬಲ್ಬಿಗೆ ಯಾರ ಸ್ನಾನವೂ ತಿಳಿಯುವುದಿಲ್ಲ ಎಂದು ಕೇಕೆ ಹಾಕಿದರು. ಆಗ ಹೇಳಿದೆ: "ಡಬ್ಬಿ ನೆಲದ ಮ್ಯಾಲ ಇಟ್ಟಾಕಿ ನಾನು. ಚಾಲೂ ಮಾಡಿದಾಕಿ ನಾನು. ನೀರ ಹರಿಯೂದು ನೋಡಿ ಸುಮ್ಮ ನಿಂತಾಕೀನೂ ನಾನ. ಮಾಳವ್ವಂದೇನೂ ತಪ್ಪಿಲ್ಲ, ದೇವರದೂ ಇಲ್ಲ."

ಬಾಗಿಲ ಬಳಿ ಕೂತಿದ್ದ ಮಾಳವ್ವ ಎದ್ದಳು. "ನಿಮಗ ಇದೆಲ್ಲಾ ಗೊತ್ತಿತ್ತಲ್ರಿ ಬಾಯೋರ? ಮತ್ಯಾಕ ನನ್ನ ಜಗ್ಗಲಿಲ್ಲ?"

"ಅಂಜಿದ್ನಿ," ಎಂದೆ.

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು, ಗೃಹಪಾಠ ತಿದ್ದುವವರ ಹಾಗೆ. ಆಮೇಲೆ ಬಂದು ಮೊದಲ ಸಾಲಿನಲ್ಲಿ ಕೂತು, ಪಕ್ಕದವಳನ್ನು ಮೊಣಕೈಯಿಂದ ಸರಿಸಿ, "ಹಂಗಾರ ಈಗ ಚಾಲೂ ಮಾಡ್ರಿ. ನಾ ಇಲ್ಲೇ ಕುಂಡ್ರತೀನಿ. ಮುಟ್ಟಂಗಿಲ್ಲ ನೋಡ್ರಿ," ಎಂದಳು.

ಚಾದರ ತೆಗೆದೆ. ನೆಲ ಒಣಗಿದೆಯೇ ಎಂದು ಅಂಗೈಯಿಂದ ಮೂರು ಸಲ ನೋಡಿದೆ. ಆಮೇಲೆ ಗುಂಡಿ ಒತ್ತಿದೆ. ಏಳು ನಿಮಿಷ ಪಾಠ ನಡೆಯಿತು. ಆಮೇಲೆ ಕರೆಂಟೇ ಹೋಯಿತು, ಸಂಜೆಯವರೆಗೆ ಬರಲಿಲ್ಲ.

ಶನಿವಾರ ಬೆಳಗಿನ ಶಾಲೆ, ಏಳೂವರೆಗೆ. ನಾನು ಕಣ್ಣು ಬಿಟ್ಟಾಗ ಎಂಟು ದಾಟಿತ್ತು. ಕಿಟಕಿಯಲ್ಲಿ ಬಿಸಿಲು, ಮೋಬೈಲಿನಲ್ಲಿ ಗುರುಜಿಯವರ ಆರು ಕರೆ. ಗಾಬರಿಯಿಂದ ತಿರುಗಿ ಕರೆ ಮಾಡಿದೆ.

"ಏನಾತ್ರಿ ಬಾಯೋರ? ಆರಾಮ ಇದ್ದೀರೇನು?"

"ಮಲಗಿದ್ನಿರಿ. ಎಚ್ಚರನ ಆಗಲಿಲ್ಲ."

ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ಆಮೇಲೆ ಅವರು, "ಮಲಗ್ರಿ ಹಂಗಾರ. ಎರಡೂ ಖೋಲಿ ನಾ ನೋಡಕೋತೀನಿ," ಎಂದರು.

ಸೋಮವಾರ ಹೋಗಿ ಶನಿವಾರದ ಅರ್ಧ ದಿನದ ರಜೆಯ ಅರ್ಜಿ ಕೊಟ್ಟೆ. ಕಾರಣ ಎಂಬಲ್ಲಿ 'ನಿದ್ದೆ ಬಂದಿತ್ತು' ಎಂದು ಬರೆದಿದ್ದೆ. ಗುರುಜಿ ಕನ್ನಡಕ ಏರಿಸಿ ಓದಿದರು. ಹೀಗೆ ಬರೆದರೆ ಮೇಲಿನವರು ನಗುತ್ತಾರೆ, ಮೈಯ ತಬ್ಬೇತ ಸರಿ ಇರಲಿಲ್ಲ ಎಂದು ಬರೆಯಿರಿ ಎಂದರು. ನಾನು ತಿದ್ದಲಿಲ್ಲ. ಬಹಳ ದಿನಗಳ ಮೇಲೆ ತಬ್ಬೇತ ಸರಿಯಾಗಿದ್ದದ್ದು ಆ ಶನಿವಾರವೇ ಆಗಿತ್ತು.