ಕಬ್ಬಿನೊಳಗಿಂದ ಕರೆದವರು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ‘ಪಿತ್ತ ಆಗಿರಬೇಕು, ಲಿಂಬು ಸರಬತ್ ಕುಡೀರಿ’ ಎಂದು ಎದ್ದು ಹೋಗುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ, ಆದರೆ ಪೂರ್ತಿ ಓದಿ ನಗಲಿ.

ನನ್ನದು ನೆಲ ನೋಡುವ ಕೆಲಸ. ಕಾರ್ಖಾನೆಯೋ ರಸ್ತೆಯೋ ಬರುವ ಮೊದಲು ಆ ಜಾಗದಲ್ಲಿ ಹಳೆಯ ಕಾಲದ್ದೇನಾದರೂ ಇದೆಯೇ ಎಂದು ನಡೆದು ಹುಡುಕಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಗಡಹಿಂಗ್ಲಜದ ಹತ್ತಿರ ಹೊಳೆದಂಡೆಯ ಒಂದು ಕಬ್ಬಿನ ಹೊಲ ನಮ್ಮ ಪಾಲಿಗೆ ಬಂತು. ಕೊಲ್ಹಾಪುರ ಕಡೆಯ ಫೌಂಡ್ರಿ ಮಾಲೀಕರೊಬ್ಬರು ಅದನ್ನು ಕೊಂಡಿದ್ದರು. ಕಬ್ಬು ಕಡಿಯುವ ತನಕ ತಡೆಯಿರಿ, ನೆಲ ಕಾಣಲಿ ಎಂದು ಬೇಡಿಕೊಂಡೆ. ಕೇಳಲಿಲ್ಲ. ಆಳೆತ್ತರದ ಕಬ್ಬಿನಲ್ಲಿ ಹುಡುಕಿಸಿದರೆ ಏನೂ ಸಿಗುವುದಿಲ್ಲ ಎಂಬುದೇ ಅವರ ಲೆಕ್ಕಾಚಾರ. ಏನು ಬುದ್ಧಿ ನೋಡಿ!

ಕಬ್ಬಿನೊಳಗೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದಕ್ಕೇ ನಾವು ಸಾಲು ಹಿಡಿದು, ಆಗಾಗ ‘ಓ’ ಎಂದು ಕೂಗುತ್ತ ನಡೆಯುತ್ತೇವೆ. ಏನಾದರೂ ಸಿಕ್ಕವರು ಅಲ್ಲೇ ನಿಂತು ಕರೆಯುತ್ತಾರೆ, ಉಳಿದವರು ದನಿಯ ಜಾಡು ಹಿಡಿದು ಹೋಗುತ್ತಾರೆ. ಅಂದು ಇದ್ದದ್ದು ಮೂವರು: ನಾನು, ನನ್ನ ಜೊತೆ ಕೆಲಸ ಮಾಡುವ ಸುನಂದಾ, ಇಚಲಕರಂಜಿಯ ಮರಾಠಿ ಗೆಳೆಯ ಪ್ರಕಾಶ.

ಊಟದ ಹೊತ್ತಿಗೆ ಸ್ವಲ್ಪ ಮೊದಲು ಬಲಗಡೆಯಿಂದ ಹೆಣ್ಣುದನಿಯೊಂದು ಕರೆಯಿತು. “ಇಲ್ಲೈತ್ರೀ, ಬರ್ರಿ ಇಲ್ಲೆ!” ಸುನಂದಾಳಿಗೆ ಏನೋ ಸಿಕ್ಕಿತೆಂದು ಕಬ್ಬಿನ ಗರಿ ಸರಿಸುತ್ತ ಓಡಿದೆ. ಕೈ ಮುಖವೆಲ್ಲ ಗೀರಿತು. ದನಿ ಮತ್ತೆ ಕರೆಯಿತು, ತೀರ ಹತ್ತಿರದಿಂದ. ಹೋಗಿ ನೋಡಿದರೆ ಯಾರೂ ಇಲ್ಲ. ಕಾಲ ಕೆಳಗೆ, ಬೇರುಗಳ ನಡುವೆ, ಈಗಿನವರು ಯಾರೂ ಸುಡದಷ್ಟು ದೊಡ್ಡ ಇಟ್ಟಿಗೆಗಳ ಗೋಡೆಯೊಂದರ ತುದಿ ಕಾಣುತ್ತಿತ್ತು. ಬಗ್ಗಿ ನೋಡುತ್ತಿದ್ದಾಗಲೇ ಎದುರಿನಿಂದ ಸುನಂದಾ ಬಂದಳು.

“ಯಾರ್ರೀ ಸರ್, ಕರದಾಕಿ?” ಎಂದಳು.

“ನೀ ಅಲ್ಲೇನವಾ?”

“ನಾ ಬಾಯಿನೂ ತಗದಿಲ್ರಿ. ಕೇಳಿಸ್ತು, ಅದಕ್ಕ ಓಡಿ ಬಂದ್ನಿ.”

ಬೆನ್ನಿಗೇ ಪ್ರಕಾಶ ಬಂದ. ಅವನಿಗೂ ಕೇಳಿಸಿತ್ತು. ಆದರೆ ಅದೇ ಮಾತನ್ನು ‘ಇಕಡ ಹಾಯ, ಯಾ’ ಎಂದು ಮರಾಠಿಯಲ್ಲೇ ಹೇಳಿ ಕರೆದಳು ಎಂದು ತಾಯಿಯಾಣೆ ಹಾಕಿದ. ಅವನಿಗೆ ಕನ್ನಡ ಒಂದಕ್ಷರ ಬರುವುದಿಲ್ಲ. ಬೇರೆ ಯಾರಾದರೂ ಒಳಗೆ ಹೋದರೇ ಎಂದು ಕೇಳಲು ಹೊರಗೆ ಬಂದೆ. ಹೊಲ ಮಾರಿದ ಬಸಪ್ಪ ಮಾಮಾ ಬದುವಿನ ಮೇಲೆ ಕೂತಿದ್ದ. “ಒಂದ್ ನಾಯಿ ಸುದ್ದಾ ಒಳಗ ಹೋಗಿಲ್ರೀ” ಎಂದ.

ಗೋಡೆಯ ಫೋಟೋ ತೆಗೆದು, ಮಾಲೀಕರಿಗೂ ಸರ್ಕಾರಿ ಕಚೇರಿಗೂ ಅಂದೇ ತಿಳಿಸಿದೆ. ಅಧಿಕಾರಿಗಳು ಬಂದು ನೋಡುವ ತನಕ ಯಾರೂ ಅದನ್ನು ಮುಟ್ಟದಿದ್ದರೆ ಸಾಕಿತ್ತು, ಗೋಡೆ ಉಳಿಯುತ್ತಿತ್ತು. ಆದರೆ ಬಸಪ್ಪ ಮಾಮಾನ ಬಾಯಿಂದ ದನಿಯ ಸುದ್ದಿ ಚಹಾದಂಗಡಿ ಮುಟ್ಟಿತು. ಮಾಲೀಕರ ಮ್ಯಾನೇಜರ್ ಫೋನಿನಲ್ಲಿ ನಕ್ಕ. “ದೆವ್ವದ ಜಾಗಾ ಅಂತಲ್ರೀ? ಹಂಗಾದ್ರ ಲಗೂನ ಸ್ವಚ್ಛ ಮಾಡಿಸ್ಬೇಕು” ಎಂದ. ಅಧಿಕಾರಿಗಳು ಬರುವ ಮುನ್ನಾದಿನ ಜೆಸಿಬಿಗೆ ಲಿಂಬೆಹಣ್ಣು ಕಟ್ಟಿ ಹೊಲಕ್ಕೆ ಇಳಿಸಿದರು. ಊರವರು ಪೀಡೆ ತೊಲಗಿತೆಂದು ಕಾಯಿ ಒಡೆದರು. ಆ ಇಟ್ಟಿಗೆಗಳೆಲ್ಲ ಪುಡಿಯಾಗಿ, ಲಾರಿ ಓಡಾಡುವ ದಾರಿಯ ಕೆಳಗೆ ಹೋದವು. ಥೂ, ಇವರ ಜನ್ಮಕ್ಕಿಷ್ಟು!

ಅಧಿಕಾರಿ ಬಂದು ನನ್ನನ್ನೇ ಗದರಿದರು. “ಫೋಟೋದಾಗ ಗ್ವಾಡಿ ಐತಿ, ನೆಲದಾಗ ಎಲ್ಲೈತ್ರೀ?”

ಗಾಳಿಯ ಸದ್ದು ಎನ್ನೋಣವೆಂದರೆ ಗಾಳಿಗೆ ಎರಡು ಭಾಷೆ ಬರುವುದಿಲ್ಲ. ಮೂವರಿಗೂ ಭ್ರಮೆ ಎನ್ನೋಣವೆಂದರೆ, ಆ ಭ್ರಮೆ ಮೂವರನ್ನೂ ಒಂದೇ ಗೋಡೆಯ ಹತ್ತಿರ ಹೇಗೆ ತಂದು ನಿಲ್ಲಿಸಿತು? ಯೋಚಿಸಿ ಯೋಚಿಸಿ ಸೋತಿದ್ದೇನೆ. ಜನ ಸಿಕ್ಕಲ್ಲಿ ತಡೆದು, ದನಿ ಮುದುಕಿಯದೋ ಹರೆಯದವಳದೋ ಎಂದು ಕೇಳುತ್ತಾರೆ. ಕರೆದವಳು ಯಾರೋ, ನನಗೆ ಗೊತ್ತಿಲ್ಲ. ಗೋಡೆ ಒಡೆಸಿದವರು ಯಾರೆಂದು ಚೆನ್ನಾಗಿ ಗೊತ್ತಿದೆ. ಅದನ್ನು ಇವತ್ತಿನ ತನಕ ಒಬ್ಬರೂ ಕೇಳಿಲ್ಲ.