ಜಮೀಲಾಳ ಗುಲಾಬಿ ಬಣ್ಣ

ಜಮೀಲಾಳ ಫ್ಲಾಸ್ಕಿನೊಳಗೆ ಉಸಿರು ಊದಿದವಳು ನಾನು. ಇಪ್ಪತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಅವಳಿಗಂತೂ ಇಲ್ಲವೇ ಇಲ್ಲ.

ಆಗ ನಾವಿಬ್ಬರೂ ಕಾರ್ಕಳದಲ್ಲಿ ಪಿಯುಸಿ ಓದುತ್ತಿದ್ದೆವು. ಮಣಿಪಾಲದಲ್ಲೊಂದು ರಸಾಯನಶಾಸ್ತ್ರ ಸ್ಪರ್ಧೆ. ಕಾಲೇಜಿನಿಂದ ಒಬ್ಬರೇ ಹೋಗಬೇಕು. ಯಾರು ಎಂದು ತೀರ್ಮಾನಿಸಲು ನಮ್ಮ ರಸಾಯನಶಾಸ್ತ್ರದ ಸರ್ ಟೈಟ್ರೇಶನ್ ಕೊಟ್ಟರು; ಯಾರ ಅಳತೆ ಸರಿಯೋ ಅವರು ಹೋಗುವುದು. ಫ್ಲಾಸ್ಕಿನಲ್ಲಿ ಆಮ್ಲ, ಅದಕ್ಕೆ ಎರಡು ಹನಿ ಸೂಚಕ, ಮೇಲೆ ಬ್ಯೂರೆಟ್ಟಿನಲ್ಲಿ ಪ್ರತ್ಯಾಮ್ಲ. ಹನಿ ಹನಿಯಾಗಿ ಬಿಡುತ್ತ ಹೋದರೆ, ಆಮ್ಲ ಮುಗಿದ ಕ್ಷಣ ಸೂಚಕ ತಿಳಿಗುಲಾಬಿಯಾಗುತ್ತದೆ. ಅಳತೆ ಬರೆಯುವುದು ಸರ್ ಆ ಬಣ್ಣ ನೋಡಿದ ಮೇಲೆಯೇ.

ಜಮೀಲಾಳ ಬಣ್ಣ ನನ್ನದಕ್ಕಿಂತ ಮೊದಲು ಬಂತು. ಎಂಥ ಬಣ್ಣ — ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಅವಳು ಸರ್ ಅವರನ್ನು ಕರೆಯಲು ಓಡಿದಳು. ಗಾಜಿನ ನಳಿಕೆ ನನ್ನ ಕೈಯಲ್ಲಿತ್ತು... ಅದ್ದಿದೆ, ಊದಿದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿದರೆ ದುರ್ಬಲವಾದೊಂದು ಆಮ್ಲ. ಸಮತೋಲನ ಮತ್ತೆ ಆಮ್ಲದ ಕಡೆಗೆ ವಾಲಲು ಅಷ್ಟು ಸಾಕು ಎಂದು ಪುಸ್ತಕವೊಂದರಲ್ಲಿ ಓದಿದ್ದೆ. ಗುಲಾಬಿ ಮಾಯವಾಯಿತು.

“ಬಣ್ಣ ಎಲ್ಲಿ ಉಂಟು? ಇನ್ನೂ ಬಿಡು,” ಎಂದರು ಸರ್. ಅವಳು ಬಿಟ್ಟಳು. ಅಳತೆ ತಪ್ಪಿತು. ಮಣಿಪಾಲಕ್ಕೆ ನಾನು ಹೋದೆ. ತನ್ನ ಕೈಯೇ ಸರಿಯಿಲ್ಲವೆಂದು ಹೇಳಿಕೊಂಡು ಜಮೀಲಾ ಮುಂದೆ ವಿಜ್ಞಾನವನ್ನೇ ಬಿಟ್ಟಳು.

ಅವಳೀಗ ಕಾಪುವಿನಲ್ಲಿ ಬಟ್ಟೆಯಂಗಡಿ ನಡೆಸುತ್ತಾಳೆ. ಅಲ್ಲಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಟೀಚರ್. ಅವಳ ಮಗಳು ಶಿಫಾ ನನ್ನದೇ ಹತ್ತನೇ ತರಗತಿಯಲ್ಲಿದ್ದಾಳೆ. ಕಳೆದ ವಾರ ತರಗತಿಯಲ್ಲಿ ಗುಲಾಬಿ ದ್ರಾವಣಕ್ಕೆ ಊದಿ ತೋರಿಸಿದೆ. ಮರುದಿನ ಶಾಲೆ ಬಿಟ್ಟ ಮೇಲೆ ಜಮೀಲಾ ಮಗಳೊಂದಿಗೆ ನಗುತ್ತ ಪ್ರಯೋಗಶಾಲೆಗೆ ಬಂದಳು. ಊದಿದರೆ ಬಣ್ಣ ಹೋಗುತ್ತದಂತೆ, ನಿಜವಾ ಎಂದು ಕೇಳಿದಳು. ಅವಳಿಗೆ ಸಂಶಯದ ಸುಳಿವೂ ಇರಲಿಲ್ಲ. ಹೌದು ಎಂದಷ್ಟೇ ಹೇಳಿ ಮುಗಿಸಬಹುದಿತ್ತು...

“ಅವತ್ತು ನಿನ್ನದಕ್ಕೆ ಊದಿದ್ದು ನಾನು, ಜಮೀಲಾ.”

ಅವಳು ನನ್ನ ಮುಖವನ್ನೇ ನೋಡಿದಳು. ಬೈಗುಳಕ್ಕೆ ಕಾದೆ.

“ಹಾಗಾದರೆ ನನ್ನ ಕೈ ಸರಿಯೇ ಇತ್ತು, ಅಲ್ವಾ?”

“ಸರಿಯೇ ಇತ್ತು.”

ಅವಳು ನಕ್ಕಳು — ಶಾಲಿನ ಅಂಚಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನಂತರ ಉಡುಪಿನ ತೋಳು ಮೇಲಕ್ಕೆ ಮಡಚಿ ಬ್ಯೂರೆಟ್ ಕೇಳಿದಳು. ಮೂರು ಸಲ ಮಾಡಿದಳು. ಮೂರು ಸಲವೂ ಒಂದೇ ಅಳತೆ, ಮೂರು ಸಲವೂ ಅದೇ ತೆಳು ಬಣ್ಣ. ಶಿಫಾ ಅಮ್ಮನನ್ನು ಅಪ್ಪಿಕೊಂಡು ಕುಣಿದಳು. ಅವರನ್ನು ನೋಡುತ್ತ ನನಗೂ ಖುಷಿ ಉಕ್ಕಿತು. ಆ ಖುಷಿಗೆ ನಾನು ಯೋಗ್ಯಳಲ್ಲ ಎಂಬುದೂ ಗೊತ್ತಿತ್ತು.

“ನಿನ್ನನ್ನು ಮಾಫ್ ಮಾಡುವುದು ಆಮೇಲೆ ಮಾರಾಯ್ತಿ,” ಎಂದಳು ಜಮೀಲಾ. “ಮೊದಲು ಸರ್‌ಗೆ ಹೇಳಬೇಕು.”

ನಿವೃತ್ತರಾದ ಸರ್ ಅಜೆಕಾರಿನಲ್ಲಿದ್ದಾರೆ. ಭಾನುವಾರ ಮೂವರೂ ಹೋಗುತ್ತೇವೆ. ದಾರಿಯುದ್ದಕ್ಕೂ ಮಾತಾಡುವವಳು ಅವಳೇ ಇರಬಹುದು. ಆದರೆ ಸರ್ ಎದುರು ಬಾಯಿ ತೆರೆಯಬೇಕಾದವಳು ನಾನು — ಆಗ ನನಗೆ ಹದಿನೇಳೇ ವರ್ಷ ಎಂಬ ನೆಪವನ್ನು ಅಲ್ಲಿ ಎತ್ತುವುದಿಲ್ಲ.